ಹಿರಿಯರ ಖಿನ್ನತೆಯನ್ನು ವಯಸ್ಸಿನ ಲೆಕ್ಕಕ್ಕೆ ಬರೆಯದಿರೋಣ

ಕೌಲ್ ಬಜಾರಿನ ನಮ್ಮ ಮಸೀದಿಯಲ್ಲಿ ಫಜ್ರ್ ನಮಾಝಿನ ಮೊದಲ ಸಾಲಿನ ಬಲತುದಿಯಲ್ಲಿ ಒಬ್ಬ ಹಿರಿಯರು ಹಲವು ವರ್ಷಗಳ ಕಾಲ ನಿಲ್ಲುತ್ತಿದ್ದರು. ವೃತ್ತಿಯಿಂದ ದರ್ಜಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಮನೆಮನೆಯ ಕಸುಬಾಗುವ ಮುಂಚೆ ಶೇರ್ವಾನಿ, ಪೈಜಾಮ ಹೊಲಿಯುತ್ತಿದ್ದವರು. ಜೀನ್ಸ್ ಬಂದ ಮೇಲೆ ಅದನ್ನೂ ಕಲಿತು ಮಕ್ಕಳಿಗೆ ಕಲಿಸಿದವರು. ಪತ್ನಿಯ ಮರಣದ ನಂತರ ಅವರು ಮಸೀದಿಗೆ ಬರುವುದು ಕಡಿಮೆಯಾಯಿತು. ಮೊದಲು ಫಜ್ರ್ ತಪ್ಪಿತು, ಆಮೇಲೆ ಇಶಾ ತಪ್ಪಿತು, ಕೊನೆಗೆ ಜುಮಾ ಮಾತ್ರ ಉಳಿಯಿತು. ಬಂದಾಗಲೂ ಸಲಾಮಿಗೆ ಉತ್ತರ ಬಿಟ್ಟರೆ ಬೇರೆ ಮಾತಿಲ್ಲ. ಅಬ್ಬಾ ಊಟ ಮಾಡುವುದಿಲ್ಲ, ರಾತ್ರಿ ಎದ್ದು ಕುಳಿತಿರುತ್ತಾರೆ ಎಂದು ಮಗ ಹೇಳುತ್ತಿದ್ದ. ನಾವೆಲ್ಲರೂ ಅವನಿಗೆ ಒಂದೇ ಉತ್ತರ ಕೊಟ್ಟೆವು: ವಯಸ್ಸಾಯಿತಲ್ಲ, ಇನ್ನೇನು.

ಎರಡು ವರ್ಷ ಕಳೆದ ಮೇಲೆ ಒಂದು ಸಂಜೆ ಆ ಹಿರಿಯರು ಮನೆಯಿಂದ ಮೂರೇ ಗಲ್ಲಿ ಆಚೆ, ಬಾಲ್ಯದಿಂದ ತಿರುಗಾಡಿದ ಬೀದಿಯಲ್ಲಿ, ದಾರಿ ತಿಳಿಯದೆ ನಿಂತಿದ್ದರು. ಆಗ ಮಗ ಅವರನ್ನು ಆಸ್ಪತ್ರೆಗೆ ಕರೆದೊಯ್ದ. ವೈದ್ಯರು ಎರಡು ಕಾಯಿಲೆಗಳ ಹೆಸರು ಹೇಳಿದರು. ಒಂದು, ಬಹುಕಾಲದಿಂದ ಚಿಕಿತ್ಸೆ ಕಾಣದ ಖಿನ್ನತೆ. ಇನ್ನೊಂದು, ಆರಂಭದ ಹಂತದ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿದರು: ಇಷ್ಟು ದಿನ ಏಕೆ ಸುಮ್ಮನಿದ್ದಿರಿ? ಆ ಪ್ರಶ್ನೆ ಮಗನಿಗೆ ಮಾತ್ರವಲ್ಲ, ಮೊದಲ ಸಾಲಿನಲ್ಲಿ ಅವರ ಪಕ್ಕದಲ್ಲಿ ನಿಲ್ಲುತ್ತಿದ್ದ ನಮಗೂ ಸಲ್ಲುತ್ತದೆ. ಈ ಲೇಖನವು ಅದಕ್ಕೆ ನಾವು ಕೊಡುತ್ತಿರುವ ತಡವಾದ ಉತ್ತರ.

ಹಿರಿಯರ ಮನಸ್ಸು ಬಾಡಿದಾಗ ನಮ್ಮ ಸಮುದಾಯದಲ್ಲಿ ಎರಡು ಸಿದ್ಧ ವಿವರಣೆಗಳು ಕೇಳಿಬರುತ್ತವೆ. ಮೊದಲನೆಯದು ವಯಸ್ಸು. ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಕನ್ನಡದಲ್ಲಿದೆ. ನಮ್ಮ ಮನೆಮಾತಿನಲ್ಲೂ ಅದೇ ಅರವತ್ತನ್ನು ಹಿಡಿದು ‘ಸಠಿಯಾ ಗಯೇ’ ಎನ್ನುತ್ತೇವೆ. ಎರಡನೆಯದು ಈಮಾನಿನ ಕೊರತೆ. ಅಲ್ಲಾಹನ ಮೇಲೆ ಭರವಸೆಯಿದ್ದವನು ಹೀಗೆ ಕುಗ್ಗುವುದಿಲ್ಲ, ಝಿಕ್ರ್ ಹೆಚ್ಚಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಉಪದೇಶಿಸುತ್ತೇವೆ. ಮೊದಲ ವಿವರಣೆ ಕಾಯಿಲೆಯನ್ನು ಸಹಜವೆಂದು ತಳ್ಳಿಹಾಕುತ್ತದೆ. ಎರಡನೆಯದು ಕಾಯಿಲೆಯನ್ನು ಅಪರಾಧವೆಂದು ಹೊರಿಸುತ್ತದೆ. ಎರಡರ ಫಲವೂ ಒಂದೇ: ಆ ಮನೆಯವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಪವಿತ್ರ ಕುರ್‌ಆನ್ ಈ ಎರಡೂ ವಿವರಣೆಗಳನ್ನು ಒಬ್ಬ ಪ್ರವಾದಿಯ ಬದುಕಿನ ಮೂಲಕವೇ ಅಲ್ಲಗಳೆಯುತ್ತದೆ. ಸೂರಃ ಯೂಸುಫ್‌ನಲ್ಲಿ ಹಝ್ರತ್ ಯಾಕೂಬ್(ಅ)ರ ಮುಪ್ಪಿನ ಚಿತ್ರವಿದೆ. ಮಗನ ಅಗಲಿಕೆಯ ಶೋಕವನ್ನು ಒಳಗೊಳಗೇ ನುಂಗಿ ನುಂಗಿ ಅವರ ಕಣ್ಣುಗಳು ಬೆಳ್ಳಗಾದವು ಎಂದು ಆ ಸೂರಃದ 84ನೇ ಸೂಕ್ತ ತಿಳಿಸುತ್ತದೆ. ಶೋಕವು ದೇಹವನ್ನು ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾತು ಬೇಕಿಲ್ಲ. ಅವರ ಈಮಾನಿನಲ್ಲಿ ಕೊರತೆಯಿತ್ತೆಂದು ಯಾವ ಮುಸ್ಲಿಮನೂ ಹೇಳಲಾರ. ಅವರು ತಮ್ಮ ಅಳಲನ್ನು ಅಲ್ಲಾಹನ ಮುಂದೆ ತೋಡಿಕೊಂಡರು; ಅದರ ಬೆನ್ನಿಗೇ ಮಕ್ಕಳನ್ನು ಕರೆದು, ಹೋಗಿ ಯೂಸುಫನನ್ನೂ ಅವನ ತಮ್ಮನನ್ನೂ ಹುಡುಕಿರಿ, ಅಲ್ಲಾಹನ ಕಾರುಣ್ಯದ ಬಗ್ಗೆ ನಿರಾಶರಾಗಬೇಡಿರಿ ಎಂದು ಆಜ್ಞಾಪಿಸಿದರು. ದುಆ ಮತ್ತು ಪ್ರಯತ್ನ ಅವರಲ್ಲಿ ಜೊತೆಜೊತೆಯಾಗಿಯೇ ಇದ್ದವು.

ಅದೇ ಸೂರಃದಲ್ಲಿ ನಾವು ಅವಸರದಲ್ಲಿ ಓದಿ ದಾಟಿಬಿಡುವ ಇನ್ನೊಂದು ಸಂದರ್ಭವಿದೆ. ಮಗನ ಅಂಗಿಯನ್ನು ಹೊತ್ತ ತಂಡ ದೂರದಲ್ಲಿ ಹೊರಟಿದೆ. ಇತ್ತ ವೃದ್ಧ ತಂದೆ, ತನಗೆ ಯೂಸುಫನ ಪರಿಮಳ ಬರುತ್ತಿದೆಯೆಂದು ಮನೆಯವರಿಗೆ ಹೇಳುತ್ತಾರೆ. ಹೇಳುವಾಗಲೇ ಒಂದು ಅಳುಕು: ನೀವು ನನ್ನನ್ನು ಬುದ್ಧಿ ಮಂಕಾದವನೆಂದು ತಿಳಿಯದಿದ್ದರೆ ಎಂಬ ಅರ್ಥದ ಮಾತನ್ನು ಸೇರಿಸುತ್ತಾರೆ. ಮನೆಯವರ ಉತ್ತರವೂ ನಮಗೆ ಚಿರಪರಿಚಿತವೇ. ನೀವಿನ್ನೂ ಆ ಹಳೆಯ ಭ್ರಮೆಯಲ್ಲೇ ಇದ್ದೀರಿ ಎನ್ನುತ್ತಾರೆ. ದುಃಖದಲ್ಲಿರುವ ಹಿರಿಯರ ಮಾತನ್ನು ಅರಳು ಮರಳು ಎಂದು ತಳ್ಳಿಹಾಕುವ ಕುಟುಂಬದ ಚಿತ್ರ ಅಲ್ಲಿಯೂ ಇದೆ. ಸತ್ಯ ಯಾರ ಪಾಲಿಗಿತ್ತು ಎಂಬುದನ್ನು ಮುಂದಿನ ಸೂಕ್ತ ತೀರ್ಮಾನಿಸುತ್ತದೆ. ಹಿರಿಯರ ಮಾತನ್ನು ಪರೀಕ್ಷಿಸದೆ ತೀರ್ಪು ಕೊಡುವ ಅಭ್ಯಾಸಕ್ಕೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಯಾವುದಿದೆ?

ಇನ್ನು ವೈದ್ಯವಿಜ್ಞಾನ ಏನು ಹೇಳುತ್ತದೆಯೆಂದು ನೋಡೋಣ. ಖಿನ್ನತೆಯೆಂದರೆ ಒಂದೆರಡು ದಿನದ ಬೇಸರವಲ್ಲ. ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ದೆ ಮತ್ತು ಹಸಿವು ಕೆಡುವುದು, ತಾನು ಯಾರಿಗೂ ಬೇಡವಾದವನೆಂಬ ಭಾವನೆ ಇವು ಎರಡು ವಾರಕ್ಕಿಂತ ಹೆಚ್ಚು ಕಾಲ ಬಹುತೇಕ ಪ್ರತಿದಿನವೂ ಕಾಡಿದರೆ ವೈದ್ಯರು ಅದನ್ನು ಕಾಯಿಲೆಯೆಂದು ಪರಿಗಣಿಸುತ್ತಾರೆ. ಹಿರಿಯರಲ್ಲಿ ಅದು ವೇಷ ಮರೆಸಿಕೊಂಡು ಬರುತ್ತದೆ. ಅವರು ದುಃಖವಾಗಿದೆಯೆಂದು ಹೇಳುವುದು ವಿರಳ. ಮೈಕೈ ನೋವು, ಹೊಟ್ಟೆ ಸರಿಯಿಲ್ಲ, ತಲೆ ಭಾರ, ಎದೆಯಲ್ಲಿ ಏನೋ ಸಂಕಟ ಎನ್ನುತ್ತಾರೆ. ಕೆಲವರು ಸಿಡುಕುತ್ತಾರೆ, ಹಲವರು ಮೌನವಾಗುತ್ತಾರೆ. ಗಮನ ನಿಲ್ಲದ ಕಾರಣ ಹೇಳಿದ್ದು ನೆನಪಿನಲ್ಲಿ ಉಳಿಯದು. ಆದ್ದರಿಂದ ಖಿನ್ನತೆಯೇ ಕೆಲವೊಮ್ಮೆ ಮರೆವಿನ ಕಾಯಿಲೆಯಂತೆ ಕಾಣಿಸುತ್ತದೆ; ಅಂಥ ಹುಸಿ ಮರೆವು ಖಿನ್ನತೆಗೆ ಚಿಕಿತ್ಸೆ ಸಿಕ್ಕಾಗ ಬಹುಮಟ್ಟಿಗೆ ತಿಳಿಯಾಗುತ್ತದೆ. ಕೈಲಾಗುವ ಚಿಕಿತ್ಸೆಯನ್ನು ವಯಸ್ಸೆಂಬ ಒಂದು ಪದದಿಂದ ತಡೆದಾಗ ಆಗುವ ಅನ್ಯಾಯ ಎಷ್ಟೆಂಬುದು ಇದರಿಂದಲೇ ತಿಳಿಯುತ್ತದೆ.

ಆದರೆ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ಖಿನ್ನತೆಗೂ ನಿಜವಾದ ಡಿಮೆನ್ಶಿಯಾಕ್ಕೂ ನಂಟಿದೆಯೆಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ಅವುಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮುಪ್ಪಿನಲ್ಲಿ ಖಿನ್ನತೆಗೆ ಒಳಗಾದವರಲ್ಲಿ ಡಿಮೆನ್ಶಿಯಾ ಕಾಣಿಸಿಕೊಳ್ಳುವ ಸಂಭವ ಇತರರಿಗಿಂತ ಸುಮಾರು ಎರಡು ಪಟ್ಟು. ಡೆನ್ಮಾರ್ಕಿನ 14 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಈ ಸಂಭವ ಎರಡು ಪಟ್ಟಿಗಿಂತ ಹೆಚ್ಚಾಗಿ ಕಂಡುಬಂದಿತು. ಖಿನ್ನತೆ ಯೌವನದಲ್ಲಿ ಬಂದಿರಲಿ, ನಡುವಯಸ್ಸಿನಲ್ಲಿ ಬಂದಿರಲಿ, ಮುಪ್ಪಿನಲ್ಲಿ ಬಂದಿರಲಿ, ಅಲ್ಲಿ ಈ ನಂಟು ಕಾಣಿಸಿತು.

ಈ ಲೆಕ್ಕವನ್ನು ತಪ್ಪಾಗಿ ಗ್ರಹಿಸಿ ಯಾರೂ ಗಾಬರಿಯಾಗಬಾರದು. ನೂರು ಮಂದಿ ಹಿರಿಯರಲ್ಲಿ ಏಳು ಮಂದಿಗೆ ಮರೆವಿನ ಕಾಯಿಲೆ ಬರುವ ಸಂಭವವಿದೆಯೆಂದು ಇಟ್ಟುಕೊಳ್ಳೋಣ. ಎರಡು ಪಟ್ಟು ಎಂದರೆ ಅದು ಹದಿನಾಲ್ಕಾಗುತ್ತದೆ. ಉಳಿದ ಎಂಬತ್ತಾರು ಮಂದಿಗೆ ಬರುವುದಿಲ್ಲ. ಖಿನ್ನತೆ ಬಂದವರೆಲ್ಲರೂ ನೆನಪು ಕಳೆದುಕೊಳ್ಳುವುದಿಲ್ಲ. ನೆನಪು ಕಳೆದುಕೊಂಡವರೆಲ್ಲರೂ ಖಿನ್ನರಾಗಿದ್ದವರೂ ಅಲ್ಲ. ಇದು ವಿಧಿಲಿಖಿತವಲ್ಲ, ಎಚ್ಚರಿಕೆಯ ಗಂಟೆ.

ಈ ನಂಟು ಯಾವ ಬಗೆಯದು? ಕಾರಣಗಳು ಒಂದಕ್ಕಿಂತ ಹೆಚ್ಚಿವೆ. ದೀರ್ಘಕಾಲದ ಮನೋವೇದನೆಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ದೇಹದಲ್ಲಿ ಹೆಚ್ಚುತ್ತದೆ. ನೆನಪುಗಳನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗಕ್ಕೆ ಅದರಿಂದ ಹಾನಿಯಾಗಬಹುದೆಂದು ತಜ್ಞರು ಹೇಳುತ್ತಾರೆ. ಖಿನ್ನತೆಯುಳ್ಳವರು ನಡೆದಾಡುವುದು ಕಡಿಮೆ, ಸಕ್ಕರೆ ಕಾಯಿಲೆಯ ಮತ್ತು ಬಿಪಿಯ ಗುಳಿಗೆಗಳನ್ನು ತಪ್ಪಿಸುತ್ತಾರೆ, ಜನರಿಂದ ದೂರವಾಗುತ್ತಾರೆ. ಇವೂ ಮೆದುಳಿನ ರಕ್ತನಾಳಗಳನ್ನೂ ಚುರುಕನ್ನೂ ಕೆಡಿಸುತ್ತವೆ. ಇನ್ನೊಂದು ಸಾಧ್ಯತೆಯೂ ಇದೆ: ಮೆದುಳಿನಲ್ಲಿ ಡಿಮೆನ್ಶಿಯಾ ಸದ್ದಿಲ್ಲದೆ ಆರಂಭವಾಗಿದ್ದು, ಮನಸ್ಸು ಕುಗ್ಗುವುದೇ ಅದರ ಮೊದಲ ಲಕ್ಷಣವಾಗಿರಬಹುದು. ಬ್ರಿಟನ್ನಿನ ಸುಮಾರು 10,000 ಸರ್ಕಾರಿ ನೌಕರರನ್ನು 28 ವರ್ಷ ಗಮನಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವು ಈ ಸಾಧ್ಯತೆಗೇ ಬಲ ಕೊಟ್ಟಿತು. ಡಿಮೆನ್ಶಿಯಾ ಗುರುತಾಗುವ ಹತ್ತು ಹನ್ನೊಂದು ವರ್ಷ ಮುಂಚೆಯೇ ಅವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚತೊಡಗಿದ್ದವು. ಹೀಗೆ ಖಿನ್ನತೆಯು ಒಬ್ಬರಲ್ಲಿ ಕಾರಣವಾಗಿರಬಹುದು, ಇನ್ನೊಬ್ಬರಲ್ಲಿ ಮುನ್ಸೂಚನೆಯಾಗಿರಬಹುದು. ಮನೆಯವರಾದ ನಮ್ಮ ಕರ್ತವ್ಯ ಮಾತ್ರ ಎರಡರಲ್ಲೂ ಒಂದೇ: ಬೇಗ ತೋರಿಸುವುದು.

ಬೇಗ ತೋರಿಸುವುದರಿಂದ ಮತ್ತೊಂದು ಪ್ರಯೋಜನವಿದೆ. ಥೈರಾಯ್ಡ್ ಗ್ರಂಥಿಯ ಮಾಂದ್ಯ, ಬಿ12 ವಿಟಮಿನ್ನಿನ ಕೊರತೆ, ಬಿದ್ದಾಗ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ, ತಾವೇ ಕೊಂಡು ನುಂಗುವ ನಿದ್ದೆ ಮಾತ್ರೆಗಳು ಇವೆಲ್ಲವೂ ಹಿರಿಯರಲ್ಲಿ ಮಂಕುತನವನ್ನೂ ಮರೆವನ್ನೂ ತರಬಲ್ಲವು. ಇವುಗಳಲ್ಲಿ ಹೆಚ್ಚಿನವು ಸರಿಪಡಿಸಬಹುದಾದವು. ಒಂದು ರಕ್ತಪರೀಕ್ಷೆಯಿಂದ ತಿಳಿಯುವ ಸಂಗತಿಯನ್ನು ವಯಸ್ಸಿನ ಹೆಸರಿನಲ್ಲಿ ವರ್ಷಗಟ್ಟಲೆ ಮುಚ್ಚಿಡುವುದು ಹಿರಿಯರಿಗೆ ಮಾಡುವ ಸೇವೆಯಲ್ಲ.

ಜಗತ್ತಿನ ತಜ್ಞರನ್ನೊಳಗೊಂಡ ಲ್ಯಾನ್ಸೆಟ್ ಆಯೋಗವು 2024ರ ವರದಿಯಲ್ಲಿ, ಡಿಮೆನ್ಶಿಯಾಕ್ಕೆ ದಾರಿಮಾಡುವ ಆದರೆ ನಾವು ಬದಲಾಯಿಸಬಹುದಾದ 14 ಅಂಶಗಳನ್ನು ಪಟ್ಟಿಮಾಡಿದೆ. ಖಿನ್ನತೆ, ಒಂಟಿತನ, ಕಿವಿ ಮಂದವಾಗುವುದು, ದೃಷ್ಟಿ ಮಂದವಾಗುವುದು, ಅಧಿಕ ರಕ್ತದೊತ್ತಡ, ಮಧುಮೇಹ, ಕೆಟ್ಟ ಕೊಲೆಸ್ಟ್ರಾಲ್, ಧೂಮಪಾನ, ವಾಯುಮಾಲಿನ್ಯ, ಎಳವೆಯಲ್ಲಿ ವಿದ್ಯೆ ಸಿಗದಿರುವುದು ಮುಂತಾದವು ಆ ಪಟ್ಟಿಯಲ್ಲಿವೆ. ಇವೆಲ್ಲವನ್ನೂ ನಿವಾರಿಸಲು ಸಾಧ್ಯವಾದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಅಂದಾಜು. ಅದರಲ್ಲಿ ಖಿನ್ನತೆಯೊಂದರ ಪಾಲು ಶೇಕಡಾ 3 ಮಾತ್ರ. ಆದರೆ ಒಂಟಿತನದ ಪಾಲು ಶೇಕಡಾ 5, ಕಿವಿ ಮಂದವಾಗುವುದರ ಪಾಲು ಶೇಕಡಾ 7. ನಮ್ಮ ಬೀದಿಯ ಹಿರಿಯರಲ್ಲಿ ಇವು ಬೇರೆಬೇರೆಯಾಗಿ ಬರುವುದಿಲ್ಲ. ಕಿವಿ ಕೇಳಿಸದವನು ಮಾತಿನಿಂದ ದೂರವಾಗುತ್ತಾನೆ, ಮಾತಿನಿಂದ ದೂರವಾದವನು ಒಂಟಿಯಾಗುತ್ತಾನೆ, ಒಂಟಿಯಾದವನ ಮನಸ್ಸು ಕುಗ್ಗುತ್ತದೆ. ಒಂದು ಕೊಂಡಿಯನ್ನು ಬಿಡಿಸಿದರೂ ಸರಪಳಿ ಸಡಿಲವಾಗುತ್ತದೆ.

ಇದು ಪರದೇಶದ ಸಮಸ್ಯೆಯೆಂದು ಭಾವಿಸುವಂತಿಲ್ಲ. ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ, ಡಿಮೆನ್ಶಿಯಾದೊಂದಿಗೆ ಬದುಕುತ್ತಿದ್ದಾರೆಂದು ದೇಶವ್ಯಾಪಿ ಅಧ್ಯಯನವೊಂದು 2023ರಲ್ಲಿ ಅಂದಾಜಿಸಿತು. ಪುರುಷರಿಗಿಂತ ಸ್ತ್ರೀಯರಲ್ಲಿ, ನಗರಗಳಿಗಿಂತ ಹಳ್ಳಿಗಳಲ್ಲಿ ಅದು ಹೆಚ್ಚಾಗಿ ಕಂಡುಬಂದಿದೆ. ನಮ್ಮ ರಾಜ್ಯದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರವು 45 ವರ್ಷ ದಾಟಿದ ಗ್ರಾಮಸ್ಥರನ್ನು 2018ರಿಂದ ನಿರಂತರವಾಗಿ ಪರೀಕ್ಷಿಸುತ್ತಾ, ಹಳ್ಳಿಯ ಬದುಕಿನಲ್ಲಿ ಮೆದುಳು ಹೇಗೆ ಮುಪ್ಪಾಗುತ್ತದೆಂದು ಅರಿಯಲು ಯತ್ನಿಸುತ್ತಿದೆ.

ಬಳ್ಳಾರಿಯ ನಮಗಂತೂ ಇದರಲ್ಲಿ ಹೆಮ್ಮೆಪಡುವಂಥ, ಆದರೆ ನಾವೇ ಮರೆತಿರುವ ಒಂದು ಇತಿಹಾಸವಿದೆ. ಮಾನಸಿಕ ಕಾಯಿಲೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕೆಂಬ ಸ್ಥಿತಿಯಿದ್ದ ಕಾಲದಲ್ಲಿ, ಅದೇ ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಂದು ಪ್ರಯೋಗಕ್ಕೆ ಆರಿಸಿಕೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಚಿಕಿತ್ಸೆ ಕೊಡುವ ತರಬೇತಿ ದೊರೆಯಿತು. ಅಗತ್ಯವಾದ ಔಷಧಿಗಳು ಜನರ ಊರಿನ ಹತ್ತಿರಕ್ಕೇ ಬಂದವು. ಈ ಕಾರ್ಯ ‘ಬಳ್ಳಾರಿ ಮಾದರಿ’ಯೆಂದು ದೇಶದಾದ್ಯಂತ ಹೆಸರಾಯಿತು. 1996ರಲ್ಲಿ ಭಾರತ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯೇ ತಳಹದಿ. ದೇಶಕ್ಕೆಲ್ಲ ದಾರಿ ತೋರಿದ ಜಿಲ್ಲೆಯ ಹಿರಿಯರೊಬ್ಬರು ಎರಡು ವರ್ಷ ಕಾಲ ಮನೆಯ ಮೂಲೆಯಲ್ಲಿ ಕುಳಿತೇ ಕಳೆದರೆಂದರೆ ಕೊರತೆ ಆಸ್ಪತ್ರೆಯಲ್ಲಿರಲಿಲ್ಲ. ಅವರನ್ನು ಅಲ್ಲಿಗೆ ತಲುಪಿಸಬೇಕಾದ ನಮ್ಮ ತಿಳಿವಳಿಕೆಯಲ್ಲಿತ್ತು.

ಇಲ್ಲಿ ಕೆಲವರು ಒಂದು ಆಕ್ಷೇಪ ಎತ್ತುತ್ತಾರೆ. ಮನಸ್ಸಿನ ನೋವಿಗೆ ಗುಳಿಗೆ ಏಕೆ, ಕುರ್‌ಆನ್ ಪಾರಾಯಣ ಸಾಲದೇ? ಪಾರಾಯಣ, ನಮಾಝ್, ಝಿಕ್ರ್ ಇವು ಹೃದಯಕ್ಕೆ ನೆಮ್ಮದಿ ತರುತ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಚಿಕಿತ್ಸೆ ಪಡೆಯಬೇಕೆಂದು ಕಲಿಸಿದವರು ಪ್ರವಾದಿವರ್ಯರೇ(ಸ). ಚಿಕಿತ್ಸೆ ಮಾಡಿಸಿಕೊಳ್ಳಬಹುದೇ ಎಂದು ಕೇಳಿದವರಿಗೆ ಅವರು, ಮಾಡಿಸಿಕೊಳ್ಳಿರಿ, ಮುಪ್ಪೊಂದನ್ನು ಬಿಟ್ಟು ಅಲ್ಲಾಹನು ಔಷಧವಿಲ್ಲದ ಯಾವ ರೋಗವನ್ನೂ ಇಳಿಸಿಲ್ಲ ಎಂಬ ಅರ್ಥದ ಉತ್ತರ ಕೊಟ್ಟರೆಂದು ಅಬೂದಾವೂದ್ ಮತ್ತು ತಿರ್ಮಿದಿಯ ಗ್ರಂಥಗಳಲ್ಲಿದೆ. ಈ ಹದೀಸ್‌ನಲ್ಲಿ ಮುಪ್ಪು ಮತ್ತು ರೋಗ ಬೇರೆಬೇರೆಯಾಗಿ ನಿಂತಿರುವುದನ್ನು ಗಮನಿಸಬೇಕು. ಮುಪ್ಪಿಗೆ ಮದ್ದಿಲ್ಲ, ಆದರೆ ಮುಪ್ಪಿನಲ್ಲಿ ಬಂದ ರೋಗವನ್ನು ಮುಪ್ಪೆಂದು ಕರೆದು ಮದ್ದನ್ನು ನಿರಾಕರಿಸಲು ನಮಗೆ ಅಧಿಕಾರವಿಲ್ಲ.

ಪ್ರವಾದಿವರ್ಯರು(ಸ) ಚಿಂತೆ ಮತ್ತು ದುಃಖಗಳಿಂದ ಅಲ್ಲಾಹನ ಅಭಯವನ್ನು ಬೇಡುತ್ತಿದ್ದರು. ಅರಿವೆಲ್ಲ ಅಳಿಸಿಹೋಗುವ ಅತ್ಯಂತ ದುರ್ಬಲ ವಯಸ್ಸಿನಿಂದಲೂ ಅಭಯ ಬೇಡುತ್ತಿದ್ದರು. ಇವೆರಡೂ ದುಆಗಳು ಬುಖಾರಿಯಲ್ಲಿವೆ. ನಮ್ಮಲ್ಲಿ ಹಲವರಿಗೆ ಅವು ಬಾಯಿಪಾಠ. ಯಾವುದರಿಂದ ರಕ್ಷಣೆ ಬೇಡುತ್ತೇವೋ ಅದು ನಮ್ಮ ತಂದೆಯ ಬಾಗಿಲಿಗೆ ಬಂದಾಗ ನೋಡಿಯೂ ನೋಡದಂತಿರುವುದು ಆ ದುಆಕ್ಕೆ ಒಪ್ಪುವ ನಡೆಯಲ್ಲ.

ಮುಸ್ಲಿಮ್ ವಿದ್ವಾಂಸರಿಗೂ ಈ ವಿಷಯ ಹೊಸತಲ್ಲ. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್‌ಬಲ್ಖೀ ದೇಹ ಮತ್ತು ಆತ್ಮ ಎರಡರ ಆರೋಗ್ಯದ ಕುರಿತು ಗ್ರಂಥ ಬರೆದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ಕಾಣದೆ ಆವರಿಸುವ ದುಃಖ ಬೇರೆ ಎಂದು ಅವರು ವಿಂಗಡಿಸಿದ್ದರು. ಎರಡನೆಯದಕ್ಕೆ ದೇಹದೊಳಗಿನ ಕಾರಣವಿರುತ್ತದೆಂದೂ ಹೇಳಿದ್ದರು. ಸಾವಿರ ವರ್ಷಗಳ ಹಿಂದೆ ನಮ್ಮ ಹಿರಿಯರು ಒಪ್ಪಿದ್ದನ್ನು ಇಂದು ನಾವು ನಾಚಿಕೆಯ ವಿಷಯವೆಂದು ಮುಚ್ಚಿಡುತ್ತಿದ್ದೇವೆ.

ಗುಳಿಗೆಯ ಬಗೆಗಿನ ಭಯಕ್ಕೂ ಉತ್ತರ ಬೇಕು. ಖಿನ್ನತೆಗೆ ವೈದ್ಯರು ಕೊಡುವ ಔಷಧಿಗಳು ಮಾದಕ ವಸ್ತುಗಳಲ್ಲ. ಅವು ಕೆಲಸ ಮಾಡಲು ಕೆಲವು ವಾರಗಳು ಬೇಕು. ಆದ್ದರಿಂದ ನಾಲ್ಕು ದಿನ ನುಂಗಿ ಗುಣವಿಲ್ಲವೆಂದು ಬಿಡಬಾರದು, ಗುಣವಾಯಿತೆಂದು ಹೇಳದೆ ಕೇಳದೆ ನಿಲ್ಲಿಸಲೂಬಾರದು. ಅಭ್ಯಾಸವಾಗುವ ಅಪಾಯವಿರುವುದು ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತರುವ ನಿದ್ದೆ ಮಾತ್ರೆಗಳಲ್ಲಿ; ಹಿರಿಯರಲ್ಲಿ ಅವು ಮಂಕು ಕವಿಸುತ್ತವೆ, ಬೀಳುವಂತೆಯೂ ಮಾಡುತ್ತವೆ. ಎಲ್ಲರಿಗೂ ಗುಳಿಗೆಯೇ ಬೇಕೆಂದೂ ಇಲ್ಲ. ಆಪ್ತಸಮಾಲೋಚನೆ, ನಡಿಗೆ, ಜನಸಂಪರ್ಕ ಇವೂ ಚಿಕಿತ್ಸೆಯ ಭಾಗಗಳೇ. ಯಾವುದು ಯಾರಿಗೆ ಎಂಬುದನ್ನು ವೈದ್ಯರು ತೀರ್ಮಾನಿಸಲಿ. ಖಿನ್ನತೆಗೆ ಚಿಕಿತ್ಸೆ ಪಡೆದವರಿಗೆ ಡಿಮೆನ್ಶಿಯಾ ಬರುವುದೇ ಇಲ್ಲವೆಂದು ಯಾರೂ ಭರವಸೆ ಕೊಡಲಾರರು. ಆದರೆ ಖಿನ್ನತೆ ವಾಸಿಯಾಗುವುದೇ ಒಂದು ದೊಡ್ಡ ಅನುಗ್ರಹ. ತಂದೆ ಮತ್ತೆ ಊಟ ಮಾಡಿದರು, ಮೊಮ್ಮಗನ ಹೆಸರು ಕರೆದರು ಎಂಬುದಕ್ಕಿಂತ ಹೆಚ್ಚಿನ ಸಮರ್ಥನೆ ಬೇಕೇ?

ಹಾಗಾದರೆ ನಾವು ಮಾಡಬೇಕಾದುದೇನು? ಮಸೀದಿಯಿಂದಲೇ ಆರಂಭಿಸೋಣ. ಪ್ರವಾದಿವರ್ಯರ(ಸ) ಮಸೀದಿಯನ್ನು ಗುಡಿಸುತ್ತಿದ್ದ ಒಬ್ಬ ವ್ಯಕ್ತಿ ಕೆಲವು ದಿನ ಕಾಣಲಿಲ್ಲ. ಜನರ ದೃಷ್ಟಿಯಲ್ಲಿ ಅದೇನೂ ದೊಡ್ಡ ಸಂಗತಿಯಾಗಿರಲಿಲ್ಲ. ಪ್ರವಾದಿವರ್ಯರು(ಸ) ವಿಚಾರಿಸಿದರು, ಮರಣವಾಯಿತೆಂದು ತಿಳಿದಾಗ, ನನಗೇಕೆ ತಿಳಿಸಲಿಲ್ಲವೆಂದು ಕೇಳಿ ಸಮಾಧಿಯ ಬಳಿಗೆ ಹೋಗಿ ನಮಾಝ್ ನಿರ್ವಹಿಸಿದರು. ಗೈರುಹಾಜರಿಯನ್ನು ಗಮನಿಸುವುದು ಸುನ್ನತ್. ಪ್ರತಿಯೊಂದು ಮಸೀದಿಯ ಜಮಾಅತ್ ಹಿರಿಯರ ಒಂದು ಪಟ್ಟಿ ಇಟ್ಟುಕೊಂಡು, ಸತತ ಎರಡು ಜುಮಾಗಳಿಗೆ ಬಾರದವರ ಮನೆಗೆ ಇಬ್ಬರನ್ನು ಕಳುಹಿಸಬಹುದು. ಉಪದೇಶಕ್ಕಲ್ಲ, ಚಹಾ ಕುಡಿದು, ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ, ಮೊದಲು ಇಷ್ಟವಾಗುತ್ತಿದ್ದ ಕೆಲಸ ಈಗಲೂ ಇಷ್ಟವೇ ಎಂದು ಕೇಳಿ ಬರುವುದಕ್ಕೆ. ಕಿವಿ ಮಂದವಾದವರಿಗೆ ಶ್ರವಣ ಸಾಧನ, ಕಣ್ಣು ಮಂದವಾದವರಿಗೆ ಕನ್ನಡಕ ಕೊಡಿಸುವುದು ಝಕಾತ್ ಅಥವಾ ಸದಕಾದ ಹಣಕ್ಕೆ ಒಳ್ಳೆಯ ವಿನಿಯೋಗವೇ ಎಂದು ಉಲಮಾಗಳನ್ನು ಕೇಳಿ ಮುಂದುವರಿಯಬಹುದು. ಬಡ ಹಿರಿಯರಿಗೆ ಇವನ್ನು ಉಚಿತವಾಗಿ ಕೊಡುವ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದಲೂ ಇದೆ. ಅರ್ಜಿ ತುಂಬಿಕೊಡುವ ಯುವಕರು ಬೇಕು.

ಆದರೆ ಮಸೀದಿಯ ಸಾಲಿನಲ್ಲಿ ಎಂದೂ ಕಾಣದವರ ಗತಿಯೇನು? ನಮ್ಮ ಅಜ್ಜಿಯರ, ತಾಯಂದಿರ ಗೈರುಹಾಜರಿಯನ್ನು ಯಾರೂ ಲೆಕ್ಕವಿಡುವುದಿಲ್ಲ. ಖಿನ್ನತೆ ಪುರುಷರಿಗಿಂತ ಸ್ತ್ರೀಯರಲ್ಲೇ ಹೆಚ್ಚು. ಗಂಡ ತೀರಿಕೊಂಡು ಇದ್ದತ್ ಮುಗಿದ ಮೇಲೂ ಹೊರಗೆ ಕಾಲಿಡದ ದಾದಿ, ಹಗಲಿಡೀ ಹೊಲಿಗೆ ಯಂತ್ರಗಳ ಸದ್ದಿನ ನಡುವೆ ಒಂದು ಮೂಲೆಯಲ್ಲಿ ದಾರ ಕತ್ತರಿಸುತ್ತಾ ಕೂರುವ ನಾನಿ, ಮಗ ಕೊಲ್ಲಿ ರಾಷ್ಟ್ರದಿಂದ ವಿಡಿಯೊ ಕರೆ ಮಾಡಿದಾಗ ಎಲ್ಲ ಚೆನ್ನಾಗಿದೆಯೆಂದು ಹೇಳಿ ಆಮೇಲೆ ಗೋಡೆ ನೋಡುತ್ತಾ ಮಲಗುವ ಅಮ್ಮಿ ಇವರೆಲ್ಲ ನಮ್ಮ ಮನೆಗಳಲ್ಲೇ ಇದ್ದಾರೆ. ಅವರಲ್ಲಿ ಅನೇಕರಿಗೆ ಎಳವೆಯಲ್ಲಿ ಶಾಲೆಯೂ ಸಿಗಲಿಲ್ಲ. ಅವರನ್ನು ನೋಡುವ ಕೆಲಸ ಮನೆಯ ಹೆಣ್ಣುಮಕ್ಕಳದ್ದೆಂದು ಬಿಟ್ಟುಬಿಡದೆ ಗಂಡುಮಕ್ಕಳೂ ಅವರ ಪಕ್ಕದಲ್ಲಿ ಕೂರಬೇಕು. ಸಾವಿನ ದುಃಖದಲ್ಲಿರುವ ಮನೆಯವರಿಗೆ ಹಝ್ರತ್ ಆಯಿಶಾ(ರ) ಜವೆಗೋಧಿಯ ಗಂಜಿ, ತಲ್ಬೀನಾ, ಮಾಡಿಸುತ್ತಿದ್ದರೆಂದು ಹದೀಸ್‌ನಲ್ಲಿದೆ. ಆ ಗಂಜಿಯ ಜೊತೆ ಅದನ್ನು ಮಾಡಿ ತಂದು ಕೂತು ಕುಡಿಸುವ ಒಬ್ಬ ಮನುಷ್ಯರೂ ಇರುತ್ತಾರೆಂಬುದನ್ನು ಮರೆಯಬಾರದು.

ಈಗಾಗಲೇ ಮರೆವು ಕವಿದಿರುವ ಹಿರಿಯರ ಬಗ್ಗೆಯೂ ಒಂದು ಮಾತು. ರಕಅತ್‌ಗಳ ಲೆಕ್ಕ ತಪ್ಪಿದರೆ, ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೆ ಗದರಬಾರದು. ಬುದ್ಧಿ ಕಳೆದುಕೊಂಡವನ ಲೆಕ್ಕದಿಂದ ಲೇಖನಿ ಎತ್ತಲ್ಪಟ್ಟಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅಲ್ಲಾಹನೇ ಲೆಕ್ಕವಿಡದ ತಪ್ಪನ್ನು ಮಗನಾದವನು ಲೆಕ್ಕವಿಡುವುದು ತರವಲ್ಲ. ಹಾಗೆಯೇ, ಹಗಲಿರುಳು ಅವರನ್ನು ನೋಡಿಕೊಳ್ಳುವ ಸೊಸೆ, ಮಗಳು ಬಳಲಿ ಕುಗ್ಗುತ್ತಿರುವುದನ್ನೂ ಗಮನಿಸಬೇಕು. ವಾರಕ್ಕೆ ಒಂದು ದಿನವಾದರೂ ಆ ಹೊಣೆಯನ್ನು ಬೇರೆಯವರು ಹೊರಬೇಕು.

ಯಾವ ಹಿರಿಯರಾದರೂ ಬದುಕು ಸಾಕೆಂಬಂತೆ ಮಾತನಾಡಿದರೆ ಅದನ್ನು ಮುದುಕರ ಮಾತೆಂದು ಉಪೇಕ್ಷಿಸದೆ ಅಂದೇ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹಿರಿಯ ನಾಗರಿಕರಿಗೆಂದೇ 14567 ಎಂಬ ಸಹಾಯವಾಣಿಯಿದೆ. ಊರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ಅಲ್ಲಿಗೆ ಹೋದವರೆಲ್ಲರೂ ಹುಚ್ಚರೆಂಬ ಅಜ್ಞಾನದ ಮಾತನ್ನು ಇನ್ನಾದರೂ ಬಿಡೋಣ.

ಮೊದಲು ಹೇಳಿದ ಹಿರಿಯರು ಈಗ ಅಸ್ರ್ ನಮಾಝಿಗೆ ಮೊಮ್ಮಗನ ಕೈಹಿಡಿದು ಬರುತ್ತಾರೆ. ಚಿಕಿತ್ಸೆಯಿಂದ ನಿದ್ದೆ ಬಂದಿದೆ, ಊಟ ಸೇರುತ್ತಿದೆ, ನಮ್ಮ ಸಲಾಮಿಗೆ ನಗು ಮರಳಿದೆ. ನೆನಪು ಪೂರ್ತಿ ಮರಳಿಲ್ಲ, ಮರಳುವುದೂ ಇಲ್ಲವೆಂದು ವೈದ್ಯರು ಹೇಳಿದ್ದಾರೆ. ಕೆಲವು ದಿನ, ಮನೆಗೆ ಹೋಗೋಣ, ಅವಳು ಕಾಯುತ್ತಿರುತ್ತಾಳೆ ಎನ್ನುತ್ತಾರೆ. ಮೊಮ್ಮಗ ತಿದ್ದುವುದಿಲ್ಲ, ಹೋಗೋಣ ದಾದಾ ಎಂದು ಚಪ್ಪಲಿ ಹುಡುಕಿ ಕೊಡುತ್ತಾನೆ. ಎರಡು ವರ್ಷ ಮುಂಚೆಯೇ ಕರೆದೊಯ್ದಿದ್ದರೆ ಎಷ್ಟು ಉಳಿಯುತ್ತಿತ್ತೆಂದು ಯಾರೂ ಹೇಳಲಾರರು. ಕರೆದೊಯ್ಯಲಿಲ್ಲವೆಂಬುದನ್ನು ಮಾತ್ರ ನಾವು ಹೇಳಲೇಬೇಕು.

ನಮ್ಮ ಬಜಾರಿನ ಹೆಸರಿನಲ್ಲಿರುವ ಕೌಲು ಎಂಬ ಪದ ಅರಬಿಯ ‘ಖೌಲ್’ನಿಂದ ಬಂದದ್ದು. ಮಾತು, ಕೊಟ್ಟ ಮಾತು, ಕರಾರು ಎಂದು ಅದರ ಅರ್ಥ. ತಂದೆತಾಯಿ ನಿಮ್ಮ ಬಳಿ ಮುಪ್ಪನ್ನು ತಲುಪಿದಾಗ ಅವರಿಗೆ ಛೀ ಎಂದೂ ಅನ್ನಬೇಡಿರಿ, ಗೌರವದ ಮಾತನ್ನೇ ಆಡಿರಿ ಎಂದು ಆಜ್ಞಾಪಿಸುವಾಗ ಸೂರಃ ಬನೀ ಇಸ್ರಾಈಲ್‌ನ 23ನೇ ಸೂಕ್ತ ಬಳಸಿರುವುದೂ ಇದೇ ‘ಖೌಲ್’ ಎಂಬ ಪದವನ್ನು. ಛೀ ಎನ್ನದಿದ್ದರೆ ಸಾಕೆಂದು ನಾವು ತಿಳಿದಿದ್ದೇವೆ. ಆದರೆ ಆ ಸೂಕ್ತ ಕೆಟ್ಟ ಮಾತನ್ನು ತಡೆದು ಸುಮ್ಮನಾಗುವುದಿಲ್ಲ, ಒಳ್ಳೆಯ ಮಾತನ್ನು ಕಡ್ಡಾಯಗೊಳಿಸುತ್ತದೆ. ಮೂಲೆಯಲ್ಲಿ ಮೌನವಾಗಿ ಕುಳಿತ ಹಿರಿಯರ ಬಳಿಗೆ ಇಂದು ಸಂಜೆಯೇ ಹೋಗಿ ಒಂದು ಗೌರವದ ಮಾತನ್ನಾಡೋಣ. ಅಗತ್ಯವಿದ್ದರೆ ನಾಳೆ ಬೆಳಿಗ್ಗೆಯೇ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯೋಣ.

ಎಳವೆಯಲ್ಲಿ ನಮ್ಮನ್ನು ಸಾಕಿ ಸಲಹಿದವರ ಮೇಲೆ ಅಲ್ಲಾಹನು ಕರುಣೆದೋರಲಿ. ಅವರ ಮುಪ್ಪಿನ ಮೌನವನ್ನು ಕೇಳಿಸಿಕೊಳ್ಳುವ ಕಿವಿಯನ್ನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.